ಪಕ್ಕದ ಮನೆಯ ಅಕ್ಕ ಟೆಸ್ಟ್ ಮಾಡಿಸಿದ್ದು

ಮೊನ್ನೆ ನೆನೆಸಿದ ಅಕ್ಕಿ ರುಬ್ಬುವಾಗ ಬಂದ ಹಸಿ ಪರಿಮಳಕ್ಕೆ ಕದ್ರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು. ನನಗೆ ನೀರುದೋಸೆ ಹೊಯ್ಯಲು ಕಲಿಸಿದವರು ಅವರೇ. ಅವರ ಗಂಡ ಗೋವಾದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಇಲ್ಲಿ ಅಕ್ಕ ಮತ್ತು ಅತ್ತೆ ಇಬ್ಬರೇ.

ಒಮ್ಮೆ ಅವನು ರಜೆಯಲ್ಲಿ ಬಂದ. ಮರುದಿನವೇ ಜಗಳ. ಗೋವಾದಲ್ಲಿ ತನಗೆ ಬೇರೆ ಹೆಂಗಸರ ಸಹವಾಸವಿದೆಯೆಂದು ಅವನೇ ಹೇಳಿದ, ಅದೂ ಹೆಮ್ಮೆಯಿಂದ. ಹಿಂದಿನ ದಿನವಷ್ಟೇ ಅಕ್ಕನನ್ನು ಕೂಡಿದ್ದ, ಕಾಂಡೋಮ್ ಇಲ್ಲದೆ.

"ನನ್ನೊಟ್ಟಿಗೆ ಆಸ್ಪತ್ರೆಗೆ ಬರ್ತೀಯಾ? ಅವರನ್ನೂ ಕರೆದೆ. ನೆಗಾಡಿದ್ರು," ಎಂದರು ಅಕ್ಕ.

ಡಾಕ್ಟರಮ್ಮ ಸಮಾಧಾನದಿಂದ ಎಲ್ಲ ಕೇಳಿದರು. "ಮೂರು ದಿನ ದಾಟುವ ಮೊದಲೇ ಬಂದದ್ದು ಒಳ್ಳೆದಾಯ್ತು. ಎಚ್‌ಐವಿ ತಗಲದ ಹಾಗೆ ತಡೆಯುವ ಮಾತ್ರೆ ಇವತ್ತೇ ಶುರು ಮಾಡುವ, ಒಂದು ತಿಂಗಳು ತಪ್ಪಿಸ್ಬೇಡಿ. ಇವತ್ತಿನ ಎಚ್‌ಐವಿ ಟೆಸ್ಟ್ ನೆಗೆಟಿವ್ ಬಂದ್ರೂ ನಿನ್ನೆ ತಗಲಿದ್ರೆ ಅದರಲ್ಲಿ ಗೊತ್ತಾಗುದಿಲ್ಲ. ಆಮೇಲೆ ಪುನಃ ಮಾಡ್ಬೇಕು."

ಮಾತ್ರೆಗೆ ಹೊಟ್ಟೆ ತೊಳಸುತ್ತಿತ್ತು. ಆದರೂ ಅಕ್ಕ ಒಂದನ್ನೂ ಬಿಡಲಿಲ್ಲ. ಬಟ್ಟೆಗಳ ಅಡಿಯಲ್ಲಿಟ್ಟಿದ್ದ ಬಾಟಲಿ ಅತ್ತೆಯ ಕೈಗೆ ಸಿಕ್ಕಿತು. ಮೆಡಿಕಲ್ ಅಂಗಡಿಯಲ್ಲಿ ತೋರಿಸಿ, ಅದು ಯಾತರ ಮಾತ್ರೆಯೆಂದು ಕೇಳಿ, ಎಚ್‌ಐವಿಯದ್ದೆಂದು ತಿಳಿದು ಬಂದರು. ಅಂದಿನಿಂದ ಅಕ್ಕನಿಗೆ ಅಡುಗೆಮನೆಗೆ ಪ್ರವೇಶವಿಲ್ಲ. ಊಟ ಹಿಂದಿನ ಜಗಲಿಯಲ್ಲಿ, ನಾಯಿಗೆ ಬಡಿಸುವ ಜಾಗದ ಪಕ್ಕ...

ತಿಂಗಳುಗಳ ನಂತರದ ಕೊನೆಯ ಟೆಸ್ಟ್ ಕೂಡ ನೆಗೆಟಿವ್ ಬಂತು. ಅಕ್ಕ ರಿಪೋರ್ಟ್ ಹಿಡಿದು ಅತ್ತೆಯ ಮುಂದೆ ನಿಂತರು. ನಾನೂ ಅಲ್ಲಿದ್ದೆ.

"ಎಂತದೂ ಇಲ್ಲದವಳು ಟೆಸ್ಟ್ ಎಂತಕ್ಕೆ ಮಾಡಿಸಿದ್ದು?" ಎಂದರು ಅತ್ತೆ, ಅದನ್ನು ಮುಟ್ಟದೆ.

"ಮಾಡಿಸ್ಬೇಕಾದವರು ನಿಮ್ಮ ಮಗ, ಅತ್ತೆ."

"ಅವನ ಸುದ್ದಿ ನಿನಗೆ ಬೇಡ. ನಿನ್ನ ಚೀಲ ಹೊರಗುಂಟು."

ತವರಿನಲ್ಲಿ ತಂಗಿಗೆ ಗಂಡು ನೋಡುತ್ತಿದ್ದರು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಮದುವೆ ಮುಗಿಯುವವರೆಗೆ ಬರಬೇಡವೆಂದರಂತೆ. ಅಕ್ಕ ಎತ್ತ ಹೋದರೋ... ಅವರ ಫೋನ್ ಮತ್ತೆಂದೂ ರಿಂಗಾಗಲಿಲ್ಲ.

ಕಳೆದ ವಾರ ಹಂಪನಕಟ್ಟೆಯ ಬಸ್ ಸ್ಟಾಪಿನಲ್ಲಿ ಆ ಗಂಡ ಎದುರಾದ. ಪಕ್ಕದಲ್ಲಿ ಹೊಸ ಹೆಂಡತಿ, ಎಳೆಯ ಮುಖ. ಗುರುತು ಹಿಡಿದು ನಕ್ಕು, "ಆರಾಮ ಉಂಟಾ?" ಎಂದ.

"ನೀವು ಆ ಟೆಸ್ಟ್ ಮಾಡಿಸಿದ್ರಾ?" ಎಂದು ಕೇಳಿದೆ.

"ಎಂತ ಟೆಸ್ಟ್?" ಎಂದು ಅವಳು ಗಂಡನ ಮುಖ ನೋಡಿದಳು. ಅವನು ಅವಳ ಮೊಣಕೈ ಹಿಡಿದು, ಬಂದ ಬಸ್ಸಿಗೆ ಹತ್ತಿಸಿಬಿಟ್ಟ. ಅವಳು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು.

ಅವಳಿಗೆ ಧೈರ್ಯ ಹೇಳಿ ಟೆಸ್ಟಿಗೆ ಕರೆದುಕೊಂಡು ಹೋಗಬಲ್ಲವರು ಅಕ್ಕ ಒಬ್ಬರೇ. ಅವರು ಬದುಕಿದ್ದಾರೋ ಇಲ್ಲವೋ ಎಂಬುದೂ ನನಗೆ ಗೊತ್ತಿಲ್ಲ.