ಹೇರ್‌ಪಿನ್ ತಿರುವಿನಲ್ಲಿ ಅತ್ತೆ

ಮಂಡಿ ಆಪರೇಷನ್ ಆಗಿ ನನ್ನ ಗಂಡ ಮಂಚ ಹಿಡಿದ ಮೇಲೆ, ಟೀ ಎಲೆ ಸಾಗಿಸುವ ನಮ್ಮ ಲಾರಿ ಅಂಗಳದಲ್ಲೇ ನಿಂತಿತು. ಕೆಲಸಕ್ಕೆ ಬಂದ ಡ್ರೈವರ್‌ಗಳು ಒಬ್ಬರೂ ನಿಲ್ಲಲಿಲ್ಲ. ಪಿಕಪ್ ಓಡಿಸಿ ರೂಢಿಯಿದ್ದ ನಾನು ಹೆವಿ ಲೈಸೆನ್ಸಿಗಾಗಿ ಗೂಡಲೂರಿನ ಡ್ರೈವಿಂಗ್ ಸ್ಕೂಲಿಗೆ ಸೇರಿದೆ.

ಅತ್ತೆ ಬೇಡವೆನ್ನಲಿಲ್ಲ. ಮೊದಲ ದಿನವೇ ಸೆರಗು ಸಿಕ್ಕಿಸಿ ನನಗಿಂತ ಮುಂಚೆ ಸ್ಕೂಲಿನ ಲಾರಿಯ ಕ್ಯಾಬಿನ್ ಹತ್ತಿ ಕೂತರು. ಬಸ್ ಓಡಿಸಿ ನಿವೃತ್ತರಾಗಿದ್ದ ತಮಿಳಿನ ಡ್ರೈವಿಂಗ್ ಮೇಷ್ಟ್ರು ಕೈ ಮುಗಿದರು.

"ಅಮ್ಮಾ, ಇದು ಎಲ್ ಬೋರ್ಡ್ ವಂಡಿ. ಬೇರೆಯವರು ಕೂರಬಾರದು."

"ಹಂಗಾರೆ ರೋಡಲ್ಲೇ ನಿಂತ್ಕತೀನಿ ಬುಡಿ."

ನಿಂತೇಬಿಟ್ಟರು. ನಡುವಟ್ಟಂ ಘಾಟಿಯ ಒಂದು ಹೇರ್‌ಪಿನ್ ತಿರುವಿನಲ್ಲಿ ಚಹಾದಂಗಡಿಯಿದೆ. ದಿನವೂ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋಗಿ, ಛತ್ರಿ ಊರಿಕೊಂಡು ನನಗಾಗಿ ಕಾಯುತ್ತಿದ್ದರು. ಮೇಷ್ಟ್ರು ಅರಚುತ್ತಿದ್ದ ಪಾಠವೆಲ್ಲ ಅವರಿಗೂ ಬಾಯಿಗೆ ಬಂತು. ಸಾರು ಬಡಿಸುತ್ತಲೇ, "ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ ಗೇರು ಕಣವ್ವ" ಎನ್ನುವರು. ಗಂಡ ನಕ್ಕರೆ ಅವರಿಗೂ ಪಾಠ.

ಒಂದು ದಿನ ನಾನು ಆ ತಿರುವು ಹತ್ತುತ್ತಿದ್ದಾಗ ಮೇಲಿನಿಂದ ಮೈಸೂರು ಕಡೆಯ ಪ್ರವಾಸಿಗರ ಕಾರೊಂದು ನುಗ್ಗಿ ಲಾರಿಯ ಮೂತಿಗೇ ಬಂದು ನಿಂತಿತು. ಹ್ಯಾಂಡ್ ಬ್ರೇಕ್ ಎಳೆದೆ. ಕಾರಿನವನು ಹಾರ್ನ್ ಒತ್ತಿ, ಹಿಂದಕ್ಕೆ ಹೋಗಿ ಎಂದು ನನಗೇ ಕೈ ಬೀಸಿದ. ಮೇಷ್ಟ್ರು ಬಾಗಿಲು ತೆಗೆಯುವಷ್ಟರಲ್ಲಿ ಅತ್ತೆ ಆ ಕಾರಿನ ಬಾನೆಟ್ಟಿಗೆ ಛತ್ರಿಯಿಂದ ಕುಟ್ಟಿಯಾಗಿತ್ತು.

"ಹತ್ತೋ ಗಾಡಿಗೆ ದಾರಿ ಬುಡ್ಬೇಕು ಕಣಪ್ಪ. ನಿಂಗ್ಯಾರು ಲೈಸೆನ್ಸ್ ಕೊಟ್ಟೋರು?"

"ನೀವ್ಯಾರ್ರೀ ಕೇಳೋಕೆ?"

"ಲಾರಿಯವಳ ಅತ್ತೆ!"

ಕಾರು ತೆಪ್ಪಗೆ ಹಿಂದೆ ಸರಿದು ಅಂಗಡಿಯ ಪಕ್ಕ ನಿಂತಿತು. ಅತ್ತೆ ಮೂಗರಳಿಸಿದರು. "ಬ್ರೇಕ್ ಸುಟ್ಟ ವಾಸ್ನೆ. ಎಲ್ರೂ ಇಳೀರಿ. ಚಕ್ರ ತಣ್ಣಗಾಗೋಗಂಟ ಹೊರಡೋ ಹಂಗಿಲ್ಲ."

ಕಾರಿನಲ್ಲಿದ್ದ ಇಡೀ ಸಂಸಾರ ಇಳಿದು ಬೆಂಚಿನ ಮೇಲೆ ಸಾಲಾಗಿ ಕೂತಿತು. ಅತ್ತೆ ನನ್ನತ್ತ ತಿರುಗಿದರು. "ನೀನೇನ್ ನೋಡ್ತಿದ್ದೀಯೆ? ಎತ್ತು ಗಾಡಿ!"

ಹ್ಯಾಂಡ್ ಬ್ರೇಕ್ ಇಳಿಸಿ ಕ್ಲಚ್ ಬಿಟ್ಟೆ. ಲಾರಿ ಒಂದು ಗೇಣು ಹಿಂದಕ್ಕೆ ಜಾರಿತು. ಮೇಷ್ಟ್ರು "ಮುರುಗಾ" ಎಂದು ಕಣ್ಣು ಮುಚ್ಚಿದರು. ಆಕ್ಸಿಲರೇಟರ್ ಒತ್ತಿದೆ, ಲಾರಿ ಗುರ್ ಎಂದು ತಿರುವು ಹತ್ತಿತು. ಹೋದ ಜೀವ ಬಂತು. ಕನ್ನಡಿಯಲ್ಲಿ ನೋಡಿದರೆ ಅತ್ತೆ, ಕಾರಿನವನಿಗೆ ಬರಿಗೈಯಲ್ಲೇ ಗೇರು ಹಾಕಿ ತೋರಿಸುತ್ತಿದ್ದರು.

ಟೆಸ್ಟಿನಲ್ಲಿ ಪಾಸಾದೆ. ಮೊದಲ ಲೋಡು ತೆಗೆದುಕೊಂಡು ಫ್ಯಾಕ್ಟರಿಗೆ ಹೋದಾಗ ಎಲೆ ತೂಗುವವನು ಹೊರಗೆ ಬಂದು, "ಡ್ರೈವರ್ ಎಲ್ಲಿ?" ಎಂದ.

"ನಾನೇ."

ಅವನು ಮೆಟ್ಟಿಲು ಹತ್ತಿ, ಸೀಟಿನ ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದ. ನಾನು ಹಾರ್ನ್ ಒತ್ತಿದೆ. ಮೆಟ್ಟಿಲಿನಿಂದ ನೇರ ನೆಲಕ್ಕೆ ಹಾರಿದ.