ಬಿಸಿಲ ಒಲೆಗೆ ಬೀಗ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ರೇಡಿಯೋ ಆಗಲಿ, ಇಸ್ತ್ರಿಪೆಟ್ಟಿಗೆ ಆಗಲಿ, ಬಿಚ್ಚಿ ನೋಡದೆ ಬಿಟ್ಟವರಲ್ಲ. ಒಮ್ಮೆ ಸೋಲಾರ್ ಕುಕ್ಕರ್ ತಂದರು. ಸೂಟ್‌ಕೇಸಿನಂಥ ಪೆಟ್ಟಿಗೆ, ಒಳಗೆ ಕಪ್ಪು ಡಬ್ಬಿಗಳು, ಮೇಲೆ ಗಾಜು, ಮುಚ್ಚಳಕ್ಕೆ ಕನ್ನಡಿ. ಬಿಸಿಲಿಗಿಟ್ಟರೆ ಅನ್ನ ತಾನಾಗಿ ಬೇಯುತ್ತದಂತೆ. ನಂಬದ ನಮ್ಮನ್ನೆಲ್ಲ ಭಾನುವಾರ ಊಟಕ್ಕೇ ಕರೆದುಬಿಟ್ಟರು.

ಅಂಗಳದಲ್ಲಿ ಪೆಟ್ಟಿಗೆಯ ಮುಂದೆ ಕೂತು, ಕನ್ನಡಕ ಹಣೆಗೇರಿಸಿ, "ಒಂದ್ಸಲ ನೋಡಿಬಿಡೋಣ" ಎಂದು ಗಾಜು ಎತ್ತುವರು. ಹಬೆಯೆಲ್ಲ ಹೊರಗೆ ಹೋಗುವುದು. ಮುಚ್ಚುವರು. ಸ್ವಲ್ಪ ಹೊತ್ತಿಗೆ ಮತ್ತೆ, "ಒಂದ್ಸಲ ನೋಡಿಬಿಡೋಣ." ಹೊತ್ತು ಇಳಿದರೂ ಅಕ್ಕಿ ಅಕ್ಕಿಯಾಗಿಯೇ ಇತ್ತು. ಕೊನೆಗೆ ಅವರ ಹೆಂಡತಿ ಗ್ಯಾಸಿನ ಮೇಲೆ ಉಪ್ಪಿಟ್ಟು ಮಾಡಿ ಬಡಿಸಿದರು.

"ಈ ಸೈನ್ಸೆಲ್ಲ ಪುಸ್ತಕದಲ್ಲೇ ಸರಿ ಮಾರಾಯ್ರೆ" ಎಂದರು ನಮ್ಮಪ್ಪ.

"ಸೈನ್ಸಿಂದೇನೂ ತಪ್ಪಿಲ್ಲ. ಇವ್ರು ಸುಮ್ನೆ ಕೂತ್ರೆ ತಾನೆ ಅದು ಬೇಯೋದು!" ಎಂದರು ಆಕೆ.

ಮುಂದಿನ ಭಾನುವಾರ ಆಕೆಯೇ ಅಕ್ಕಿ ಇಟ್ಟು, ಗಾಜಿನ ಚಿಲಕಕ್ಕೆ ಬೀಗ ಜಡಿದು, ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ಮಧ್ಯಾಹ್ನಕ್ಕೆ ಅನ್ನ ಉದುರುದುರಾಗಿ ಬೆಂದಿತ್ತು. ನಾವೆಲ್ಲ ಚಪ್ಪರಿಸಿ ಉಂಡೆವು. ಯಜಮಾನರೊಬ್ಬರೇ ಒಂದು ಅಗುಳನ್ನು ಬೆರಳಲ್ಲಿ ಹಿಸುಕುತ್ತ ಪೆಚ್ಚಾಗಿ ಕೂತಿದ್ದರು.

"ಬೆಂದಿದ್ದೇನೋ ಸರಿ. ಬೇಯೋದನ್ನ ನೋಡೋಕೇ ಆಗ್ಲಿಲ್ಲವಲ್ಲ!"