ಧನಲಕ್ಷ್ಮಿ ಎತ್ತಿದ ಚಪ್ಪಡಿ

ಅಟ್ಟೂರಿನ ಧನಲಕ್ಷ್ಮಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ ಅಂತ ಡಿಪೋದಲ್ಲಿ ಎಲ್ಲರಿಗೂ ಗೊತ್ತಿತ್ತು. ಹದಿನಾರು ವರ್ಷದಿಂದ ಸಿಟಿ ಬಸ್ಸಿನ ಕಂಡಕ್ಟರ್. ಫುಟ್‌ಬೋರ್ಡಿನಲ್ಲಿ ನೇತಾಡುವವರನ್ನು ಒಳಗೆ ಬನ್ನಿ ಅಂತ ಕರೆದವಳಲ್ಲ, ತೋಳು ಹಿಡಿದು ಎಳೆದುಕೊಳ್ಳುತ್ತಿದ್ದಳು. ಸೋಮವಾರ ರಜೆ ಬಂತೆಂದರೆ ಮಾತ್ರ ಬೇರೆಯೇ ಮನುಷ್ಯಳು. ಸ್ಕೂಟರ್ ಹತ್ತಿ ಡಬ್ಬಿ ಹುಡುಕಲು ಹೊರಟುಬಿಡುತ್ತಿದ್ದಳು.

ಜಿಯೋಕ್ಯಾಶಿಂಗ್ ಅಂತ ಆ ಆಟದ ಹೆಸರು. ಯಾರೋ ಒಂದು ಪುಟ್ಟ ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ವೆಬ್‌ಸೈಟಿಗೆ ಹಾಕುತ್ತಾರೆ. ಮಿಕ್ಕವರು ಹುಡುಕಿ, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಬಸ್‌ಸ್ಟಾಪಿನ ಬೆಂಚಿನಡಿ ಅಂಥದ್ದೊಂದು ಡಬ್ಬಿ ಆಕಸ್ಮಿಕವಾಗಿ ಕೈಗೆ ಸಿಕ್ಕಿದಾಗಿನಿಂದ ಅವಳಿಗೆ ಈ ಹುಚ್ಚು.

‘ಟವರ್ರೇ ಇಲ್ದಿರೋ ಕಡೆ ಮ್ಯಾಪ್ ಹೆಂಗಮ್ಮ ಓಡುತ್ತೆ?’ ಅಂತ ಅವಳ ಬಸ್ಸಿನ ಡ್ರೈವರ್ ಜಿಯಾವುಲ್ಲಾ ಒಮ್ಮೆ ಕೇಳಿದ್ದ.

‘ಮ್ಯಾಪನ್ನ ಮನೇಲೇ ಡೌನ್‌ಲೋಡ್ ಮಾಡ್ಕೊಂಡು ಹೋಗ್ತೀನಿ ಕಣ್ರೀ. ನಾನೆಲ್ಲಿದೀನಿ ಅಂತ ತೋರ್ಸೋದು ಸ್ಯಾಟಲೈಟು. ಅದಕ್ಕೆ ಸಿಮ್ಮೂ ಬೇಡ, ಟವರ್ರೂ ಬೇಡ.’

2017ರ ಸೆಪ್ಟೆಂಬರಿನಲ್ಲಿ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಹೊಸ ಡಬ್ಬಿ ಇಟ್ಟಿರುವ ಸುದ್ದಿ ಬಂತು. ಇಟ್ಟವನ ಹೆಸರು ‘ಟ್ರೇಲ್ ಟೈಗರ್’ ಅಂತಿತ್ತು. ಸೋಮವಾರ ಬೆಳಿಗ್ಗೆ ಧನಲಕ್ಷ್ಮಿ ಹೊರಟಳು. ಕೆರೆ ಏರಿ ದಾಟಿದ್ದೇ ಸಿಗ್ನಲ್ ಹೋಯಿತು. ಮೊಬೈಲಿನ ಮ್ಯಾಪಿನಲ್ಲಿ ರಸ್ತೆಯೂ ಇಲ್ಲ, ಊರಿನ ಹೆಸರೂ ಇಲ್ಲ, ಬರೀ ಮಾಸಲು ಬಣ್ಣ. ಅದರ ಮೇಲೆ ಅವಳದ್ದೊಂದು ನೀಲಿ ಚುಕ್ಕೆ ತೆವಳುತ್ತಿತ್ತು. ಸ್ಕೂಟರ್ ನಿಲ್ಲಿಸಿ ನಡೆದಳು. ನಲವತ್ತು ಮೀಟರ್. ಹನ್ನೆರಡು. ನಾಲ್ಕು. ಹೊಂಗೆ ಮರದ ಬುಡದಲ್ಲಿ ಒಂದು ಚಪ್ಪಡಿ ಓರೆಯಾಗಿ ಬಿದ್ದಿತ್ತು. ಬಗ್ಗಿ ಅದನ್ನೆತ್ತಿ ಪ್ಲಾಸ್ಟಿಕ್ ಡಬ್ಬಿ ತೆಗೆದಳು. ತೆಗೆದ ಮೇಲೆ ಚಪ್ಪಡಿಯ ಇನ್ನೊಂದು ಮಗ್ಗುಲು ಕಂಡಿತು. ಅರಿಸಿನ ಕುಂಕುಮದ ಹಳೇ ಕಲೆ.

ಎದ್ದು ನಿಂತು ಸುತ್ತ ನೋಡಿದಳು. ಆಚೆ ದಿಬ್ಬ, ದಿಬ್ಬದ ಹಿಂದೆ ತಾಯಿಯ ತವರೂರು. ಚಿಕ್ಕವಳಿದ್ದಾಗ ಪ್ರತಿ ವರ್ಷ ತಾಯಿಯ ಜೊತೆ ಪೂಜೆಗೆ ಆ ಕಡೆಯಿಂದಲೇ ಇಲ್ಲಿಗೆ ನಡೆದು ಬರುತ್ತಿದ್ದಳು. ಕೆರೆ ಕಡೆಯಿಂದ ಬಂದಿದ್ದಕ್ಕೆ ಗುರುತೇ ಹತ್ತಿರಲಿಲ್ಲ. ತಾಯಿ ಬೈರಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಹುಟ್ಟಿದ ಗಂಡುಕೂಸು ಎಂಟು ತಿಂಗಳಿಗೆ ತೀರಿಕೊಂಡಿತ್ತು. ಅದನ್ನು ಮಣ್ಣು ಮಾಡಿದ್ದು ಈ ಮರದ ಕೆಳಗೆ. ಮಂಡಿ ನೋವು ಶುರುವಾಗಿ ಐದು ವರ್ಷದಿಂದ ಬೈರಮ್ಮ ಬಂದಿರಲಿಲ್ಲ, ಅಷ್ಟೆ.

ಪುಸ್ತಕದಲ್ಲಿ ಹನ್ನೊಂದು ಹೆಸರಿದ್ದವು. ಒಬ್ಬ ‘ಸೂಪರ್ ಸ್ಪಾಟ್ ಮಚ್ಚಾ’ ಅಂತ ಬರೆದಿದ್ದ. ಇನ್ನೊಬ್ಬಳು ನಗುವ ದೆವ್ವದ ಚಿತ್ರ ಬಿಡಿಸಿದ್ದಳು. ಧನಲಕ್ಷ್ಮಿ ಪುಸ್ತಕ ಮುಚ್ಚಿದಳು. ಬೈಯಬೇಕು, ಈಗಲೇ ಬೈಯಬೇಕು, ಆದರೆ ಫೋನಿನಲ್ಲಿ ಒಂದು ಗೆರೆ ಸಿಗ್ನಲ್ ಇಲ್ಲ. ಡಬ್ಬಿಯನ್ನು ಬ್ಯಾಗಿಗೆ ತುರುಕಿ, ಏರಿಯವರೆಗೂ ಒಬ್ಬಳೇ ಜೋರಾಗಿ ಬೈದುಕೊಂಡೇ ಬಂದಳು. ದನ ಮೇಯಿಸುವವರು ತಿರುಗಿ ನೋಡಿದರು.

ಏರಿಯ ಮೇಲೆ ಸಿಗ್ನಲ್ ಬಂತು. ಅದು ಸಮಾಧಿ ಕಲ್ಲು ಅಂತ ಟ್ರೇಲ್ ಟೈಗರಿಗೆ ಮೆಸೇಜ್ ಹಾಕಿದಳು. ಹತ್ತು ನಿಮಿಷದಲ್ಲಿ ಉತ್ತರ: ‘ಮ್ಯಾಪಲ್ಲಿ ಅಲ್ಲೇನೂ ಇಲ್ವಲ್ಲ ಮೇಡಂ. ಖಾಲಿ ಜಾಗ. ಬೇಕಿದ್ರೆ ತೆಗೆದುಬಿಡ್ತೀನಿ ಬಿಡಿ.’

ಆ ‘ಖಾಲಿ ಜಾಗ’ ಅನ್ನುವ ಮಾತಿಗೆ ಅವಳ ಪಿತ್ತ ನೆತ್ತಿಗೇರಿತು. ‘ತೆಗೆಯೋದು ನಾನು ತೆಗೆದಾಯ್ತು. ಮುಂದಿನ ಸೋಮವಾರ ಎಂಟು ಗಂಟೆಗೆ ನೀನು ಅಲ್ಲಿರಬೇಕು. ಬರದಿದ್ರೆ ನಿನ್ನ ಮನೆ ಹುಡುಕ್ತೀನಿ. ಹುಡುಕೋದು ನಂಗೆ ಚೆನ್ನಾಗಿ ಬರುತ್ತೆ.’

ಅವನು ಬಂದ. ಹೆಸರು ವಿಜಯ್ ಕುಮಾರ್. ಆರ್‌.ಟಿ. ನಗರದಲ್ಲಿ ಕನ್ನಡಕದಂಗಡಿ, ಮೂವತ್ತರ ಆಸುಪಾಸು. ದೂರದಿಂದಲೇ ‘ಸಾರಿ, ಸಾರಿ’ ಅನ್ನುತ್ತಾ ಬಂದ.

‘ಸಾರಿ ಅನ್ನೋದು ಬಸ್ಸಲ್ಲಿ ಕಾಲು ತುಳಿದಾಗ. ಇಲ್ಲಿ ಮಲಗಿರೋದು ನಮ್ಮಣ್ಣ.’

ಅವನು ಚಪ್ಪಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ‘ಕಲ್ಲು ಕಂಡಾಗ ಯಾರನ್ನಾದ್ರೂ ಕೇಳಬೇಕು ಅನ್ನಿಸ್ಲಿಲ್ವಾ?’ ಅಂತ ಕೇಳಿದಳು.

‘ಅನ್ನಿಸ್ಲಿಲ್ಲ ಅಕ್ಕ’ ಅಂದ. ಸುಳ್ಳಾದರೂ ಹೇಳಿದ್ದರೆ ಅವಳಿಗೆ ಇನ್ನೆರಡು ಬೈಯಲು ಸಿಗುತ್ತಿತ್ತು.

ಇಬ್ಬರೂ ಸೇರಿ ಚಪ್ಪಡಿಯನ್ನು ಮೊದಲಿದ್ದ ಹಾಗೆ ಕೂರಿಸಿದರು. ಅದು ಕೂಸಿನ ಸಮಾಧಿ, ಯಾರೂ ಹೋಗಬೇಡಿ ಅಂತ ಹನ್ನೊಂದು ಜನರಿಗೂ ಅವನಿಂದ ಅಲ್ಲೇ ಮೆಸೇಜ್ ಬರೆಸಿದಳು. ಸಿಗ್ನಲ್ ಇಲ್ಲದ್ದರಿಂದ ಏರಿಯವರೆಗೂ ಅವನ ಹಿಂದೆಯೇ ಸ್ಕೂಟರಿನಲ್ಲಿ ಬಂದು, ಅವು ಹೋದದ್ದನ್ನು ಕಣ್ಣಾರೆ ನೋಡಿಯೇ ಬಿಟ್ಟಳು.

ಮನೆಗೆ ಬಂದು ಊಟಕ್ಕೆ ಕೂತು ಬೈರಮ್ಮನಿಗೆ ಎಲ್ಲ ಹೇಳಿದಳು. ತಾಯಿ ಅಳುತ್ತಾಳೆ, ಇಲ್ಲವೇ ಆ ವಿಜಯ್ ಕುಮಾರನಿಗೆ ಶಾಪ ಹಾಕುತ್ತಾಳೆ ಅಂದುಕೊಂಡಿದ್ದಳು. ಬೈರಮ್ಮ ಬಿಡಿಸುತ್ತಿದ್ದ ಬೆಳ್ಳುಳ್ಳಿ ಪಕ್ಕಕ್ಕಿಟ್ಟು ಕೇಳಿದಳು: ‘ನಿಂಗೆ ಆ ಡಬ್ಬಿ ಎಂಗೆ ಸಿಕ್ತು?’

‘ಚಪ್ಪಡಿ ಎತ್ತಿದೆ.’

‘ಎತ್ತೋವಾಗ ಅದು ಯಾರ್ದು ಅಂತ ಗೊತ್ತಿತ್ತಾ?’

‘ಇಲ್ಲ.’

‘ಮತ್ತೆ ನಿಂಗೂ ಅವನಿಗೂ ಏನೇ ಯತ್ಯಾಸ? ಎರಡು ವರ್ಸದಿಂದ ಸುತ್ತುತಾ ಇದೀಯ. ಇಂಗೆ ಇನ್ನೂ ಎಷ್ಟು ಜನದ ಕಲ್ಲು ಎತ್ತಿದೀಯೇ?’

ಧನಲಕ್ಷ್ಮಿ ತಾಯಿಯ ಮೇಲೇ ರೇಗಿದಳು. ತಟ್ಟೆ ಕುಕ್ಕಿ ಊಟ ಬಿಟ್ಟು ಎದ್ದಳು. ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ತಾನು ಹುಡುಕಿದ್ದ ಅರವತ್ತೆರಡು ಡಬ್ಬಿಗಳ ಪಟ್ಟಿ ತೆಗೆದು, ಅಣ್ಣನದ್ದು ಬಿಟ್ಟು, ಹೊಲ ಬಯಲುಗಳಲ್ಲಿ ಕಲ್ಲಿನಡಿ ಸಿಕ್ಕಿದ್ದ ಏಳನ್ನು ಗುರುತು ಹಾಕಿಕೊಂಡಳು.

ಆಮೇಲಿನ ಸೋಮವಾರಗಳಲ್ಲಿ ಆ ಏಳೂ ಕಡೆ ಹೋಗಿ, ಹತ್ತಿರದ ಮನೆಯವರನ್ನು ಕೇಳಿದಳು. ಐದು ಬರೀ ಕಲ್ಲುಗಳೇ. ಒಂದು ಜಮೀನಿನ ಗಡಿಕಲ್ಲು. ರಾಜಾನುಕುಂಟೆಯ ಆಚೆ, ಹನುಮಯ್ಯ ಅನ್ನುವ ಮುದುಕ ದನ ಬಿಟ್ಟುಕೊಂಡು ನಿಂತಿದ್ದ. ಏಳನೆಯದನ್ನು ತೋರಿಸಿದಳು.

‘ಆ ಕಲ್ಲಾ? ಅಲ್ಲಿ ನನ್ನ ಎತ್ತು ಐತೆ ಕಣಮ್ಮಾ. ಹನ್ನೆರಡು ವರ್ಸ ಉತ್ತ ಎತ್ತು. ಯಾವ ಬಡ್ಡೀಮಕ್ಕಳೋ ಪದೇ ಪದೇ ಬಂದು ಕಿತ್ತಾಕ್ತಾರೆ.’

‘ಒಂದ್ಸಲ ಕಿತ್ತಿದ್ದು ನಾನೇ’ ಅಂದಳು ಧನಲಕ್ಷ್ಮಿ.

ಹನುಮಯ್ಯ ಶುರು ಮಾಡಿದ. ಅವಳ ವಿದ್ಯೆ, ಅವಳ ಮೊಬೈಲು, ಅವಳ ಊರು, ಒಂದನ್ನೂ ಬಿಡಲಿಲ್ಲ. ಬಸ್ಸಿನಲ್ಲಿ ಒಂದು ಮಾತಿಗೆ ಹತ್ತು ತಿರುಗಿಸಿ ಕೊಡುವವಳು, ಬಿಸಿಲಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು, ಅವನ ಉಸಿರು ಮುಗಿಯುವವರೆಗೂ ಬೈಸಿಕೊಂಡಳು. ಕೊನೆಗೆ, ‘ನಿಮ್ಮೆತ್ತಿನ ಹೆಸರೇನು?’ ಅಂತ ಕೇಳಿದಳು.

‘ಯಾಕೆ?’

‘ಎಲ್ರೂ ನೋಡೋ ಮ್ಯಾಪಲ್ಲಿ ಬರೀತೀನಿ. ಇದನ್ನ ಖಾಲಿ ಜಾಗ ಅಂದ್ಕೊಂಡು ಇನ್ನೊಬ್ಬರು ಬರದೇ ಇರ್ಲಿ.’

‘ರಾಮ’ ಅಂದ ಹನುಮಯ್ಯ. ಸಿಟ್ಟಿನಲ್ಲೇ ಅಂದ.